ನಮ್ಮೂರ ಪಂಚಾಯಿತಿ, ನಮ್ಮೂರ ದುಡಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮಸಭೆಗಳಲ್ಲಿ, ಸ್ವಸಹಾಯ ಸಂಘದ ಅಕ್ಕಂದಿರ ಜೊತೆ ಮಾತಿಗೆ ಕೂತಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ತುಸು ಬಿಡಿಸಿ ಹೇಳಬೇಕಾದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಸಾಕು.

## ಮೊದಲು ತಿಳಿಯಬೇಕಾದ್ದು

ಪಂಚಾಯಿತಿ ಅಂದ್ರೆ ಸರ್ಕಾರದ ಇನ್ನೊಂದು ಆಫೀಸು, ಅಷ್ಟೇ ಅಲ್ವಾ?

ಅಲ್ಲ. ತಾಲ್ಲೂಕು ಕಚೇರಿ, ಕೃಷಿ ಇಲಾಖೆ ಇವೆಲ್ಲ ಆಫೀಸುಗಳು. ಗ್ರಾಮ ಪಂಚಾಯಿತಿ ನೀವು ಓಟು ಹಾಕಿ ಆರಿಸಿದ ಸರ್ಕಾರ. ವಿಧಾನಸೌಧದಲ್ಲಿ ಕೂತಿರುವ ಸರ್ಕಾರದ ಹಾಗೆ ಇದಕ್ಕೂ ಸಂವಿಧಾನದಲ್ಲೇ ಜಾಗ ಇದೆ. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಕೃಷಿಯಿಂದ ಹಿಡಿದು ಸಣ್ಣ ಕೈಗಾರಿಕೆ, ಕುಡಿಯುವ ನೀರು, ಸಂತೆಯವರೆಗೆ 29 ವಿಷಯಗಳ ಪಟ್ಟಿ ಅದರಲ್ಲಿದೆ. ಇವುಗಳಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡಬೇಕು ಅನ್ನುವುದನ್ನು ಮಾತ್ರ ಆಯಾ ರಾಜ್ಯಕ್ಕೆ ಬಿಟ್ಟರು. ಎಡವಟ್ಟು ಆಗಿದ್ದು ಅಲ್ಲೇ.

ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದೆ ನಡೆದಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ರೂಪುಗೊಂಡಿತು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ನಜೀರ್ ಸಾಬ್ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಹಳೆಯ ತಲೆಮಾರಿನವರು ಇವತ್ತಿಗೂ ಆ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ.

ಮೆಂಬರು, ಅಧ್ಯಕ್ಷರು, ಪಿಡಿಒ ಇದ್ದಾರೆ. ಯಾರನ್ನು ಏನು ಕೇಳಬೇಕು?

ನಿಮ್ಮ ಬೀದಿಯ ಸಮಸ್ಯೆಗೆ ಮೆಂಬರನ್ನು ಹಿಡಿಯಿರಿ. ಸುಮಾರು 400 ಜನಕ್ಕೆ ಒಬ್ಬ ಮೆಂಬರು ಇರುತ್ತಾರೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಹಾಗಾಗಿ ‘ನೀವು ನಮ್ಮ ಪಾರ್ಟಿಯವರಲ್ಲ’ ಎಂಬ ಮಾತನ್ನು ಕೇಳಿಸಿಕೊಳ್ಳಬೇಕಾಗಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಅಧ್ಯಕ್ಷರು ಮತ್ತು ಮೆಂಬರುಗಳ ಸಭೆ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸರ್ಕಾರಿ ನೌಕರರು. ಸಭೆಯ ತೀರ್ಮಾನ ಜಾರಿ ಮಾಡುವುದು, ಲೆಕ್ಕ, ದಾಖಲೆ ಅವರ ಹೊಣೆ. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ವಾಟರ್‌ಮ್ಯಾನ್, ಕಂದಾಯದ ರಸೀದಿಗೆ ಬಿಲ್ ಕಲೆಕ್ಟರ್. ಇವರಾರಿಂದಲೂ ಕೆಲಸ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಅದಕ್ಕೂ ಮೇಲೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ).

ಯಾರನ್ನೇ ಕೇಳಿ, ಬರೆದು ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ನಮ್ಮೂರಲ್ಲಿ ಅಧ್ಯಕ್ಷೆ ಹೆಸರಿಗಷ್ಟೇ. ಅವರ ಯಜಮಾನರೇ ಎಲ್ಲ ನಡೆಸ್ತಾರೆ. ಹೀಗಾದ್ರೆ ಮೀಸಲಾತಿ ಯಾಕೆ?

ಈ ಪ್ರಶ್ನೆ ಕೇಳುವವರಲ್ಲಿ ಗಂಡಸರೇ ಜಾಸ್ತಿ. ಕರ್ನಾಟಕದಲ್ಲಿ 1983ರ ಕಾಯ್ದೆ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಕೊಟ್ಟಿತು. 1993ರಲ್ಲಿ ಅದು ಮೂರನೇ ಒಂದು ಪಾಲಾಯಿತು, 2010ರ ತಿದ್ದುಪಡಿಯಲ್ಲಿ ಶೇ 50ಕ್ಕೆ ಏರಿತು. ಗಂಡ, ಮಗ, ಮೈದುನ ಸಭೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವಂತಿಲ್ಲ. ಕೂತರೆ ಯಾವ ಮೆಂಬರು ಬೇಕಾದರೂ ಆಕ್ಷೇಪ ಎತ್ತಿ ಅದನ್ನು ನಡಾವಳಿಯಲ್ಲಿ ಬರೆಸಬಹುದು.

ಇನ್ನೊಂದು ಮಾತು. ಅಧ್ಯಕ್ಷೆಯ ಅವಧಿ 30 ತಿಂಗಳು. ಕಡತ ಓದುವುದು, ಚೆಕ್ಕಿಗೆ ಸಹಿ ಹಾಕುವ ಮುಂಚೆ ಬಿಲ್ಲು ನೋಡುವುದು, ಇಂಜಿನಿಯರನ್ನು ಪ್ರಶ್ನಿಸುವುದು, ಇದೆಲ್ಲ ಕೈಗೆ ಹತ್ತುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮುಂದಿನ ಸಲ ಆ ಸ್ಥಾನದ ಮೀಸಲಾತಿ ಬದಲಾಗಿ ಅವರು ಮನೆಗೆ ಮರಳುತ್ತಾರೆ. ಕಲಿತ ಹೆಣ್ಣುಮಗಳನ್ನು ಸಾಮಾನ್ಯ ಸ್ಥಾನದಿಂದಲೂ ಗೆಲ್ಲಿಸುವ ಊರುಗಳು ಬೇಕು. ನಾನು ನೋಡಿದ ಮಟ್ಟಿಗೆ ನೀರು, ಅಂಗನವಾಡಿ, ಶೌಚಾಲಯದ ಮಾತು ಸಭೆಯಲ್ಲಿ ಮೊದಲು ಎತ್ತುವವರು ಹೆಣ್ಣುಮಕ್ಕಳೇ.

ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ ಸರ್? ಬರೀ ಗಲಾಟೆ.

ಗಲಾಟೆ ಆಗುವುದು ನಿಜ. ಮನೆ ಹಂಚಿಕೆ ಪಟ್ಟಿ ಓದುವಾಗಲಂತೂ ಆಗಿಯೇ ಆಗುತ್ತದೆ. ಆದರೆ ಆ ಪಟ್ಟಿಯನ್ನು ನಾಲ್ಕು ಗೋಡೆ ಮಧ್ಯೆ ಬರೆಯದೆ ಎಲ್ಲರ ಮುಂದೆ ಓದಬೇಕಾಗಿ ಬಂದಿದೆಯಲ್ಲ, ಅದೇ ಗ್ರಾಮಸಭೆಯ ಬಲ. ಫಲಾನುಭವಿಗಳ ಆಯ್ಕೆ, ವರ್ಷದ ಕ್ರಿಯಾ ಯೋಜನೆ, ಹಿಂದಿನ ಕೆಲಸಗಳ ಲೆಕ್ಕ ಎಲ್ಲವೂ ಅಲ್ಲಿಗೆ ಬರಬೇಕು.

ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು. ಅದಕ್ಕೂ ಮುಂಚೆ ನಿಮ್ಮ ವಾರ್ಡಿನಲ್ಲೇ ವಾರ್ಡ್ ಸಭೆ ನಡೆಯಬೇಕು. ನಿಮ್ಮ ಬೇಡಿಕೆ ಅಲ್ಲಿಂದಲೇ ಬರೆಸಿ ತಂದರೆ ಗ್ರಾಮಸಭೆಯಲ್ಲಿ ಅದನ್ನು ತಳ್ಳಿಹಾಕುವುದು ಕಷ್ಟ. ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ ಬೇರೆಯಾಗಿ ನಡೆಯುತ್ತವೆ. ಮಕ್ಕಳ ಸಭೆಗೆ ಒಮ್ಮೆ ಹೋಗಿ ನೋಡಿ. ಶಾಲೆ ದಾರಿಯಲ್ಲಿ ಸೇತುವೆ ಇಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ ಎಂದು ಮಕ್ಕಳು ನೇರವಾಗಿ ಕೇಳಿಬಿಡುತ್ತಾರೆ.

ಸಭೆ ಮಾಡದೆ ಮನೆಮನೆಗೆ ಬಂದು ಪುಸ್ತಕದಲ್ಲಿ ಸಹಿ ತಗೊಂಡು ಹೋಗ್ತಾರೆ. ಏನು ಮಾಡೋದು?

ಸಹಿ ಹಾಕಬೇಡಿ. ಹಾಜರಿ ಪುಸ್ತಕಕ್ಕೆ ನಿಮ್ಮ ಸಹಿ ಬಿತ್ತು ಅಂದರೆ ನೀವು ಸಭೆಯಲ್ಲಿ ಕೂತು ಒಪ್ಪಿದಿರಿ ಎಂದೇ ಲೆಕ್ಕ. ಕೆಲವು ಕಡೆ ಸಭೆ ನಡೆದರೂ ನಡಾವಳಿ ಪುಸ್ತಕದಲ್ಲಿ ಅರ್ಧ ಪುಟ ಖಾಲಿ ಬಿಟ್ಟು, ಕೆಳಗೆ ಸಹಿ ತೆಗೆದುಕೊಂಡು, ತೀರ್ಮಾನ ಆಮೇಲೆ ಬರೆಯುತ್ತಾರೆ. ಸಭೆ ಮುಗಿಯುವ ಮುಂಚೆ ‘ಇವತ್ತಿನ ತೀರ್ಮಾನ ಓದಿ ಹೇಳಿ’ ಎಂದು ಕೇಳಿ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ. ಬಂದ ಎಲ್ಲರೂ ಫೋನಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳಿ. ಸಭೆಯನ್ನೇ ಕರೆಯದಿದ್ದರೆ ಇಒ ಅವರಿಗೆ ಬರೆದು ಕೊಡಿ. ಶೇ 10ರಷ್ಟು ಮತದಾರರು ವಿಷಯಗಳ ಪಟ್ಟಿ ಸಮೇತ ಬರೆದು ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೂ ಕಾಯ್ದೆಯಲ್ಲಿ ದಾರಿ ಇದೆ.

## ದುಡ್ಡಿನ ವಿಷಯ

ನಮ್ಮ ಪಂಚಾಯಿತಿಗೆ ದುಡ್ಡು ಎಲ್ಲಿಂದ ಬರುತ್ತೆ?

ಮುಖ್ಯವಾಗಿ ಮೂರು ಕಡೆಯಿಂದ. ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯದ ಶಾಸನಬದ್ಧ ಅನುದಾನ, ಮತ್ತೆ ಪಂಚಾಯಿತಿಯೇ ವಸೂಲಿ ಮಾಡುವ ತೆರಿಗೆ ಮತ್ತು ಶುಲ್ಕ. ಇದಲ್ಲದೆ ಉದ್ಯೋಗ ಖಾತರಿ, ವಸತಿ, ಜಲಜೀವನ್‌ನಂಥ ಯೋಜನೆಗಳ ಹಣ ಪಂಚಾಯಿತಿಯ ಮೂಲಕವೋ ಪಕ್ಕದಿಂದಲೋ ಊರಿಗೆ ಬರುತ್ತದೆ.

15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಒಟ್ಟು 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕರ್ನಾಟಕದಲ್ಲಿ ಬಂದ ಪಾಲನ್ನು ಗ್ರಾಮ ಪಂಚಾಯಿತಿಗೆ ಶೇ 85, ತಾಲ್ಲೂಕಿಗೆ 10, ಜಿಲ್ಲೆಗೆ 5 ಎಂದು ಹಂಚಿದರು. ಕೇಳಲು ದೊಡ್ಡ ಮೊತ್ತ. ಆದರೆ ಅದರಲ್ಲಿ ಶೇ 60 ಷರತ್ತಿನ ಹಣ. ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರಿಗೆ ಮತ್ತು ಮಳೆನೀರು ಸಂಗ್ರಹಕ್ಕೆ ಮಾತ್ರ ಬಳಸಬೇಕಿತ್ತು. ಉಳಿದ ಶೇ 40 ಮಾತ್ರ ಊರಿನ ಇಷ್ಟಕ್ಕೆ. ರಾಜ್ಯದ ಅನುದಾನದಲ್ಲಿ ದೊಡ್ಡ ಪಾಲನ್ನು ಬೀದಿದೀಪ ಮತ್ತು ನೀರಿನ ಪಂಪಿನ ಕರೆಂಟು ಬಿಲ್ಲೇ ತಿಂದುಬಿಡುತ್ತದೆ. ಹಾಗಾಗಿ ‘ನಮ್ಮ ಊರಿಗೆ ಇದು ಬೇಕು’ ಎಂದು ತೀರ್ಮಾನಿಸಿ ಖರ್ಚು ಮಾಡಲು ಕೈಯಲ್ಲಿ ಉಳಿಯುವುದು ಸ್ವಂತ ವಸೂಲಿಯ ಹಣ. ಅದನ್ನು ಹೆಚ್ಚಿಸದ ಪಂಚಾಯಿತಿ ಮೇಲಿನವರ ಆದೇಶಕ್ಕೆ ಕಾಯುತ್ತಲೇ ಇರುತ್ತದೆ.

ಮನೆ ಕಂದಾಯ ಕಟ್ಟಿ ಏನು ಸಿಗುತ್ತೆ? ಚರಂಡಿನೇ ಇಲ್ಲ.

ನಿಮ್ಮ ಕೋಪಕ್ಕೆ ಕಾರಣ ಇದೆ. ಆದರೂ ಕಟ್ಟಿ, ರಸೀದಿ ಇಟ್ಟುಕೊಂಡು ಚರಂಡಿ ಕೇಳಿ. ಕಂದಾಯದ ಹಣ ನಿಮ್ಮ ಪಂಚಾಯಿತಿಯ ಖಾತೆಯಲ್ಲೇ ಉಳಿಯುತ್ತದೆ, ಬೆಂಗಳೂರಿಗೆ ಹೋಗುವುದಿಲ್ಲ. ವಾಟರ್‌ಮ್ಯಾನ್ ಸಂಬಳ, ಕೆಟ್ಟ ಮೋಟಾರಿನ ರಿಪೇರಿ ಇಂಥವಕ್ಕೆ ಹೊಂದಿಸುವುದು ಹೆಚ್ಚಾಗಿ ಈ ಹಣದಿಂದಲೇ.

ಸಣ್ಣ ಮನೆಯವರು ಕಟ್ಟಿ, ದೊಡ್ಡವರು ಬಾಕಿ ಉಳಿಸಿಕೊಳ್ಳುವುದು ಬಹಳ ಕಡೆ ಕಾಣುವ ಅನ್ಯಾಯ. ಹೊಲಕ್ಕೆ ಪಂಚಾಯಿತಿ ತೆರಿಗೆ ಇಲ್ಲ. ಆದರೆ ಹೊಲದ ಮೇಲೆ ಎದ್ದ ರೆಸಾರ್ಟು, ಮೊಬೈಲ್ ಟವರು, ಗೋದಾಮು, ಕಲ್ಯಾಣ ಮಂಟಪ ಪಂಚಾಯಿತಿಯ ತೆರಿಗೆ ಪಟ್ಟಿಯಲ್ಲಿ ಇದೆಯೇ? ಬೇಡಿಕೆ, ವಸೂಲಿ, ಬಾಕಿಯ ವಹಿಯನ್ನು ಗ್ರಾಮಸಭೆಯಲ್ಲಿ ಓದಿಸಿ. ದೊಡ್ಡ ಬಾಕಿದಾರರ ಹೆಸರು ಎಲ್ಲರ ಮುಂದೆ ಬಂದರೆ ವಸೂಲಿಯ ದಾರಿ ತಾನಾಗಿ ಸಲೀಸಾಗುತ್ತದೆ.

ಜಮಾಬಂದಿ ಅಂತ ನೋಟಿಸ್ ಹಾಕ್ತಾರೆ. ಅದರಲ್ಲಿ ನಮಗೇನು ಕೆಲಸ?

ವರ್ಷದಲ್ಲಿ ನಿಮಗೆ ಸಿಗುವ ಒಳ್ಳೆಯ ಅವಕಾಶಗಳಲ್ಲಿ ಇದೂ ಒಂದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡಬೇಕು. ಮೇಲಿನ ಕಚೇರಿಯಿಂದ ಅಧಿಕಾರಿಯೂ ಬರುತ್ತಾರೆ. ಕಾಮಗಾರಿಗಳ ಜಾಗಕ್ಕೇ ಹೋಗಿ ನೋಡಬಹುದು.

ಹೋಗುವಾಗ ಒಂದು ಅಳತೆ ಟೇಪು ತಗೊಂಡು ಹೋಗಿ. ಎಂ.ಬಿ. ಪುಸ್ತಕ, ಅಂದರೆ ಇಂಜಿನಿಯರು ಅಳತೆ ಬರೆದಿಡುವ ಪುಸ್ತಕ ಕೇಳಿ. ಅದರಲ್ಲಿ ಚರಂಡಿ 60 ಮೀಟರು ಎಂದಿದ್ದರೆ, ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು ಟೇಪು ಹಿಡಿದು ಜೋರಾಗಿ ಓದಿ. ಅಗಲ, ಆಳವನ್ನೂ ನೋಡಿ. ತಳಕ್ಕೆ ಕಾಂಕ್ರೀಟು ಹಾಕಿದ್ದಾರೋ, ಬರೀ ಮಣ್ಣೋ ಎಂದು ಕೋಲಿನಿಂದ ತಟ್ಟಿದರೆ ಗೊತ್ತಾಗುತ್ತದೆ. ವ್ಯತ್ಯಾಸ ಇದ್ದರೆ ಅಲ್ಲೇ ಬರೆಸಿ. ಇಂಜಿನಿಯರಿಂಗ್ ಓದಿರಬೇಕಿಲ್ಲ. ಗೌಂಡಿ ಕೆಲಸ ಮಾಡುವವರು ನಿಮ್ಮೂರಲ್ಲೇ ಇದ್ದಾರೆ, ಅವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಸಾಲಕ್ಕೆ ಹೋದ್ರೆ ಬ್ಯಾಂಕಿನವರು ಇ-ಸ್ವತ್ತು ಕೇಳ್ತಾರೆ. ಅದು ಯಾಕೆ ಅಷ್ಟು ಮುಖ್ಯ?

ಹಿಂದೆ ಒಂದೇ ನಿವೇಶನಕ್ಕೆ ಇಬ್ಬರ ಹೆಸರಿನಲ್ಲಿ ಕೈಬರಹದ ಖಾತೆ ಸಿಗುತ್ತಿತ್ತು. ಇ-ಸ್ವತ್ತು ಅಂದರೆ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನಗಳ ಕಂಪ್ಯೂಟರ್ ದಾಖಲೆ. ಅದರಲ್ಲಿ ಆಸ್ತಿಯ ಖಾತೆ ನಮೂನೆ 9, 11ಎ ಅಥವಾ 11ಬಿ ರೂಪದಲ್ಲಿ ಬರುತ್ತದೆ, ನಂಬರಿನ ಸಮೇತ. ಬ್ಯಾಂಕಿನವರು ಅದನ್ನು ಕೇಳುವುದು ಇದಕ್ಕೇ. ಹಿರಿಯರು ತೀರಿಹೋಗಿ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದ ಮನೆಗಳಲ್ಲಿ ತೊಡಕು ಹೆಚ್ಚು. ಸಾಲದ ತುರ್ತು ಬರುವವರೆಗೆ ಕಾಯದೆ ಮೊದಲೇ ಅರ್ಜಿ ಕೊಟ್ಟಿಡಿ.

## ಊರಲ್ಲೇ ದುಡಿಮೆ

ರಸ್ತೆ, ಚರಂಡಿ ಸರಿ. ಪಂಚಾಯಿತಿಯಿಂದ ಉದ್ಯೋಗ ಹುಟ್ಟಿಸೋಕೆ ಆಗುತ್ತಾ?

ಪಂಚಾಯಿತಿ ಫ್ಯಾಕ್ಟರಿ ನಡೆಸಬೇಕಿಲ್ಲ. ಊರಲ್ಲಿ ಆಗಲೇ ನಡೆಯುತ್ತಿರುವ ದುಡಿಮೆಗೆ ಏನು ಅಡ್ಡಿ ಇದೆ ಎಂದು ನೋಡಿ ಅದನ್ನು ತೆಗೆದರೆ ಸಾಕು. ಸಂತೆಯನ್ನೇ ತಗೊಳ್ಳಿ. ವರ್ಷಕ್ಕೊಮ್ಮೆ ಸಂತೆ ಸುಂಕದ ಹರಾಜು ಆಗುತ್ತದೆ. ಹರಾಜು ಹಿಡಿದವರು ಸೊಪ್ಪು ಮಾರುವ ಅಜ್ಜಿಯಿಂದಲೂ ಸುಂಕ ಎತ್ತುತ್ತಾರೆ. ಪಂಚಾಯಿತಿಗೆ ಹಣ ಬಂತು. ಆದರೆ ಆ ಅಜ್ಜಿಗೆ ಕೂರಲು ಕಟ್ಟೆ ಇಲ್ಲ, ಮಳೆಗೆ ಸೂರಿಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಶೌಚಾಲಯ ಇಲ್ಲ. ಕತ್ತಲಾಗುವ ಮುಂಚೆ ಉಳಿದ ಮಾಲನ್ನು ಸಿಕ್ಕ ಬೆಲೆಗೆ ಕೊಟ್ಟು ಎದ್ದು ಹೋಗುತ್ತಾರೆ. ಸುಂಕದ ಹಣದಲ್ಲಿ ಒಂದು ಪಾಲನ್ನು ಅಲ್ಲೇ ಖರ್ಚು ಮಾಡಿ ನಾಲ್ಕು ದೀಪ, ಒಂದು ನಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿದರೆ ವ್ಯಾಪಾರ ಎರಡು ಗಂಟೆ ಹೆಚ್ಚು ನಡೆಯುತ್ತದೆ. ಇದೂ ಆರ್ಥಿಕ ಅಭಿವೃದ್ಧಿಯೇ. ಸುತ್ತಲಿನ ಊರಿನವರು ಆ ಸಂತೆಗೇ ಬರಲು ಶುರು ಮಾಡುತ್ತಾರೆ.

ಹಾಗೆಯೇ ಸಾಮೂಹಿಕ ಒಕ್ಕಣೆ ಕಣ, ದನದ ಆಸ್ಪತ್ರೆಗೆ ಜಾಗ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಕೂಸಿನ ಮನೆ, ಪರೀಕ್ಷೆಗೆ ಓದುವ ಹುಡುಗರಿಗೆ ಅರಿವು ಕೇಂದ್ರ, ಅಂದರೆ ಪಂಚಾಯಿತಿ ಗ್ರಂಥಾಲಯ. ಎಲ್ಲವೂ ಪಂಚಾಯಿತಿಯ ಕೈಯಲ್ಲಿರುವ ಕೆಲಸಗಳು.

ಸಂಘದಲ್ಲಿ ಸಾಲ ತಗೊಳ್ಳೋದು, ಕಟ್ಟೋದು, ಮತ್ತೆ ತಗೊಳ್ಳೋದು. ಮುಂದೆ ಹೋಗೋದು ಹೇಗೆ?

ಒಬ್ಬೊಬ್ಬರೇ ಹಸು, ಹೊಲಿಗೆ ಯಂತ್ರ ತಗೊಂಡರೆ ಸಾಲ ತೀರುತ್ತದೆ, ಮಾರುಕಟ್ಟೆ ಸಿಗುವುದಿಲ್ಲ. ಸ್ವಸಹಾಯ ಸಂಘಗಳಿಗಾಗಿ ಇರುವ ಸಂಜೀವಿನಿ ಯೋಜನೆಯಲ್ಲಿ ಪಂಚಾಯಿತಿ ಮಟ್ಟದ ಒಕ್ಕೂಟ ಇರುವುದು ಇದಕ್ಕೇ. ಒಕ್ಕೂಟವಾಗಿ ಸೇರಿ ಶಾಲೆ, ಹಾಸ್ಟೆಲುಗಳಿಗೆ ಖಾರದಪುಡಿ, ರೊಟ್ಟಿ ಪೂರೈಸಬಹುದು. ಪಂಚಾಯಿತಿಯ ಕಸ ವಿಲೇವಾರಿ ಘಟಕ ನಡೆಸಬಹುದು. ಕಸದ ಗಾಡಿಯನ್ನು ಹೆಣ್ಣುಮಕ್ಕಳೇ ಓಡಿಸುವ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿ ಈಗ ಬೇಕಾದಷ್ಟಿವೆ. ಒಕ್ಕೂಟಕ್ಕೆ ಕೂರಲು ಒಂದು ಕೊಠಡಿ, ಮಾರಲು ಒಂದು ಮಳಿಗೆ ಬೇಕೆಂದು ಗ್ರಾಮಸಭೆಯಲ್ಲಿ ಬರೆಸಿ.

ಸೇರಿ ದುಡಿಯುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಊರಿನ ಹಾಲಿನ ಡೈರಿಯೂ ಅದೇ ದಾರಿಯದು. ಸದಸ್ಯರು ಲೆಕ್ಕ ಕೇಳುವ ಡೈರಿಗಳು ಬಾಳುತ್ತವೆ.

ಉದ್ಯೋಗ ಖಾತರಿ ಕೆಲಸದಿಂದ ಊರಿಗೆ ಏನಾದ್ರೂ ಉಳಿದಿದೆಯಾ?

2005ರ ನರೇಗಾ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಖಾತರಿ ಕೊಟ್ಟಿತು. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು, ಗಂಡಿಗೂ ಹೆಣ್ಣಿಗೂ ಸಮ. ಈ ಸಮಾನ ಕೂಲಿಯೇ ಸುತ್ತಲಿನ ಹೊಲದ ಕೂಲಿಯ ಮಾತುಕತೆಯನ್ನು ಬದಲಿಸಿತು. ಊರಿಗೆ ಉಳಿದದ್ದು ಏನು ಅನ್ನುವುದು ಕೆಲಸದ ಆಯ್ಕೆ ಮೇಲೆ ನಿಂತಿದೆ. ಕೆರೆ ಹೂಳು, ಕೃಷಿ ಹೊಂಡ, ಬದು, ದನದ ಕೊಟ್ಟಿಗೆ ಮಾಡಿಸಿದ ಕಡೆ ಇವತ್ತಿಗೂ ಕಾಣುತ್ತದೆ. ಬಿಲ್ಲಿಗಾಗಿ ಗುಂಡಿ ತೋಡಿದ ಕಡೆ ಮಳೆಗೆ ಅದೂ ಮುಚ್ಚಿಹೋಗಿದೆ. ಯೋಜನೆಯ ಹೆಸರು, ನಿಯಮ ಏನೇ ಬದಲಾದರೂ ಕೆಲಸ ಎಲ್ಲಿ ಬೇಕು ಎಂದು ಹೇಳುವ ಹಕ್ಕನ್ನು ಗ್ರಾಮಸಭೆ ಬಿಟ್ಟುಕೊಡಬಾರದು.

ನಮ್ಮ ಕಡೆ ಸೋಲಾರ್ ಕಂಪನಿಯವರು ಜಮೀನು ಗುತ್ತಿಗೆಗೆ ಕೇಳ್ತಿದ್ದಾರೆ. ಕೊಡಬಹುದಾ?

ಪಾವಗಡ ನೋಡಿ ಯೋಚಿಸಿ. ತುಮಕೂರು ಜಿಲ್ಲೆಯ ಆ ಬರದ ತಾಲ್ಲೂಕಿನಲ್ಲಿ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಒಳ್ಳೆಯ ಅಂಶ ಏನೆಂದರೆ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬೆಳೆಯುತ್ತಿದ್ದವರಿಗೆ ಅದು ಖಾತ್ರಿಯ ಆದಾಯ.

ಆದರೆ ಗುತ್ತಿಗೆ ಹಣ ಹೋಗುವುದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಮಿ ಇಲ್ಲದವರಿಗೆ ಕೂಲಿಯೂ ಹೋಯಿತು, ಮೇವೂ ಹೋಯಿತು. ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲಿನ ಕೆಲಸ ಸಿಕ್ಕಿದ್ದು ಕೆಲವರಿಗೆ ಮಾತ್ರ. ಹಾಗಾಗಿ ನೀವು ಒಬ್ಬರೇ ಕರಾರಿಗೆ ಸಹಿ ಹಾಕುವ ಮುಂಚೆ ವಿಷಯ ಗ್ರಾಮಸಭೆಗೆ ಬರಲಿ. ಸ್ಥಳೀಯರಿಗೆ ಎಷ್ಟು ಕೆಲಸ, ಕುರಿಗಳಿಗೆ ದಾರಿ ಎಲ್ಲಿ, ಪಂಚಾಯಿತಿಗೆ ವರ್ಷಕ್ಕೆ ಏನು ಬರುತ್ತದೆ, ಪ್ಯಾನೆಲ್ ತೊಳೆಯಲು ನೀರು ಎಲ್ಲಿಂದ, ಅವಧಿ ಮುಗಿದ ಮೇಲೆ ನೆಲ ಯಾವ ಸ್ಥಿತಿಯಲ್ಲಿ ವಾಪಸ್. ಇಷ್ಟಕ್ಕೂ ಉತ್ತರ ಕಾಗದದ ಮೇಲೆ ಇರಬೇಕು.

## ಇನ್ನಷ್ಟು ಬಿಡಿಸಿ ಹೇಳಬೇಕಾದವು

ಹಿಂದುಳಿದ ತಾಲ್ಲೂಕು ಅಂತಾರಲ್ಲ, ಅದನ್ನು ಅಳೆದವರು ಯಾರು?

ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಅದಕ್ಕೂ ಮುಂಚೆ ಮಾತು ಬರೀ ಜಿಲ್ಲೆಗಳ ಮೇಲೆ ನಡೆಯುತ್ತಿತ್ತು. ಅವರು ತಾಲ್ಲೂಕು ಹಿಡಿದು ಅಳೆದರು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆಸ್ಪತ್ರೆ ಹೀಗೆ 35 ಅಂಶಗಳನ್ನು ಸೇರಿಸಿ ಸೂಚ್ಯಂಕ ಮಾಡಿದರು. ರಾಜ್ಯದ ಸರಾಸರಿ 1. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಅದಕ್ಕಿಂತ ಕೆಳಗೆ ಇದ್ದವು. 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದಲ್ಲಿ, 13 ದಕ್ಷಿಣದಲ್ಲಿ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನು ಶಿಫಾರಸು ಮಾಡಿದರು. ದಕ್ಷಿಣದಲ್ಲೂ 13 ಇವೆ ಎಂಬುದನ್ನು ಮರೆಯಬೇಡಿ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ನೇತೃತ್ವದಲ್ಲಿ ಹೊಸ ಸಮಿತಿ ರಚನೆಯಾಯಿತು.

371ಜೆ ಬಂದು ಇಷ್ಟು ವರ್ಷ ಆಯ್ತು. ನಮ್ಮ ಹಳ್ಳಿಗೆ ಯಾಕೆ ಕಾಣ್ತಿಲ್ಲ?

ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಟ್ಟಿತು. ಮೀಸಲಾತಿಯಿಂದ ಎಷ್ಟೋ ಮನೆಗಳ ಮಕ್ಕಳು ಡಾಕ್ಟರು, ಇಂಜಿನಿಯರು, ನೌಕರರಾಗಿದ್ದಾರೆ. ಅದು ಸಣ್ಣ ಮಾತಲ್ಲ.

ಮಂಡಳಿಯ ಹಣದ ಕತೆ ಬೇರೆ. ಅದು ಹಂಚಿಕೆಯಾಗುವುದು ಬಹುಪಾಲು ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲಿ, ಕಟ್ಟಡ ಮತ್ತು ರಸ್ತೆಯ ರೂಪದಲ್ಲಿ. ಗ್ರಾಮಸಭೆಯ ಪಟ್ಟಿಗೂ ಮಂಡಳಿಯ ಕ್ರಿಯಾ ಯೋಜನೆಗೂ ನಂಟೇ ಇರುವುದಿಲ್ಲ. ಶಾಲೆಗೆ ಹೊಸ ಕೊಠಡಿ ಬರುತ್ತದೆ, ಮೇಷ್ಟ್ರ ಹುದ್ದೆ ಖಾಲಿ. ಆಸ್ಪತ್ರೆ ಕಟ್ಟಡ ಏಳುತ್ತದೆ, ನರ್ಸ್ ಇಲ್ಲ. ಪಂಚಾಯಿತಿಗಳು ಮೊದಲು ಪಟ್ಟಿ ಕೊಟ್ಟು, ಮಂಡಳಿ ಅದರಿಂದಲೇ ಆರಿಸುವ ಕ್ರಮ ಬಂದರೆ ಹಳ್ಳಿಗೆ ಕಾಣುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಆಗದಿದ್ರೆ ಹಳ್ಳಿಗೇನು ನಷ್ಟ?

ಬಹಳ ನಷ್ಟ. 2016ರಲ್ಲಿ ಆರಿಸಿದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಟ್ಟಲೆ ಎಳೆದುಕೊಂಡು ಹೋಯಿತು. ಅಧಿಕಾರಿಗಳೇ ಆಡಳಿತ ನಡೆಸಿದರು. ಸಂವಿಧಾನದ 243ಇ ವಿಧಿಯಲ್ಲಿ ಗೊಂದಲ ಇಲ್ಲ. ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ.

ಒಂದು ಪಂಚಾಯಿತಿ ತನ್ನ ಊರಿನ ಚರಂಡಿ ಮಾಡಬಹುದು. ಐದಾರು ಊರು ದಾಟುವ ಕಾಲುವೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪ್ರೌಢಶಾಲೆಗೆ ಹೋಗುವ ಬಸ್ಸಿನ ಮಾತನ್ನು ಎತ್ತುವವರು ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು. ಅವರಿಲ್ಲದಿದ್ದರೆ ಆ ಮಾತು ನೇರ ಶಾಸಕರ ಮನೆಗೆ ಹೋಗುತ್ತದೆ, ಅಲ್ಲಿ ಬೇಕಾದವರಿಗೆ ಮೊದಲ ಸರದಿ. ಜಿಲ್ಲಾ ಯೋಜನಾ ಸಮಿತಿಯಲ್ಲೂ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಭೆಗಳಿಂದ ಆರಿಸಿ ಬರಬೇಕು. ಆರಿಸುವವರೇ ಇಲ್ಲವೆಂದ ಮೇಲೆ ಜಿಲ್ಲೆಯ ಯೋಜನೆಯನ್ನು ಯಾರ ಹೆಸರಿನಲ್ಲಿ ಒಪ್ಪುತ್ತಾರೆ? ಓಟು ಕೇಳಲು ಬರುವ ಎಲ್ಲ ಪಕ್ಷದವರ ಮುಂದೆ ಈ ಪ್ರಶ್ನೆ ಇಡಿ.

ನಾನು ಊರು ಬಿಟ್ಟು ಬೆಂಗಳೂರಲ್ಲಿದ್ದೀನಿ, ತಮ್ಮ ದುಬೈಯಲ್ಲಿದ್ದಾನೆ. ಊರಿಗೆ ಏನಾದ್ರೂ ಮಾಡಬೇಕು ಅಂತಿದೆ.

ಸ್ವಾಗತ ಕಮಾನು ಕಟ್ಟಿಸುವುದನ್ನು ಸದ್ಯಕ್ಕೆ ಮುಂದೂಡಿ. ಮೊದಲು ಊರಿನ ಮನೆಯ ಬಾಕಿ ಕಂದಾಯ ಕಟ್ಟಿ. ಆಮೇಲೆ ಪಂಚಾಯಿತಿಯ ಕ್ರಿಯಾ ಯೋಜನೆಯ ಪ್ರತಿ ತರಿಸಿ ಓದಿ. ಅದರಲ್ಲಿ ಹಣ ಸಾಲದೆ ನಿಂತ ಸಣ್ಣ ಕೆಲಸ ಇರುತ್ತದೆ. ಅರಿವು ಕೇಂದ್ರಕ್ಕೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಎರಡು ಕಂಪ್ಯೂಟರು, ಇನ್ವರ್ಟರು ಕೊಡಿಸಿದರೂ ಹತ್ತಾರು ಹುಡುಗರಿಗೆ ಅನುಕೂಲ. ಹಣವನ್ನು ಯಾರ ಕೈಗೂ ಕೊಡದೆ ಪಂಚಾಯಿತಿ ಖಾತೆಗೇ ಹಾಕಿ ರಸೀದಿ ಪಡೆಯಿರಿ. ಹಬ್ಬಕ್ಕೆ ಬರುವ ರಜೆಯನ್ನು ಸಾಧ್ಯವಾದರೆ ಗ್ರಾಮಸಭೆಯ ದಿನಕ್ಕೆ ಹೊಂದಿಸಿಕೊಳ್ಳಿ. ತಾರೀಖು ಪಿಡಿಒ ಅವರನ್ನು ಕೇಳಿದರೆ ಹೇಳುತ್ತಾರೆ.